ವಾರಂಟಿ ಮುಗಿದ ಮೇಲೆ ಗೇರ್‌ಬಾಕ್ಸ್ ಕೈಕೊಟ್ಟರೆ: ಕಾರಿನ ದೋಷ, ರಿಪೇರಿಯ ತಡ ಎರಡನ್ನೂ ಪತ್ತೆ ಹಚ್ಚುವ ಬಗೆ

ಕಾರು ವರ್ಕ್‌ಶಾಪ್‌ನಲ್ಲಿ ನಿಂತು ವಾರಗಳಾದವು. ಫೋನ್ ಮಾಡಿದರೆ "ಪಾರ್ಟ್ ಬಂದಿಲ್ಲ ಸಾರ್" ಅನ್ನುತ್ತಾರೆ. ಯಾವ ಪಾರ್ಟ್ ಅಂತ ಕೇಳಿದರೆ "ಗೇರ್‌ಬಾಕ್ಸ್ ಪಾರ್ಟ್ ಸಾರ್" ಅನ್ನುತ್ತಾರೆ. ಶಿವಮೊಗ್ಗ ಇರಲಿ, ಸಾಗರ ಇರಲಿ, ತೀರ್ಥಹಳ್ಳಿ ಇರಲಿ, ವಾರಂಟಿ ಮುಗಿದ ಕಾರಿನ ಕತೆ ಹೆಚ್ಚುಕಮ್ಮಿ ಹೀಗೇ. ವಾರಂಟಿ ಇದ್ದಾಗ ಖರ್ಚು ಕಂಪನಿಯದು, ತಡವಾದರೆ ಮೇಲಿನವರು ಲೆಕ್ಕ ಕೇಳುತ್ತಾರೆ. ಮುಗಿದ ಮೇಲೆ ಕೇಳುವವರು ನೀವೊಬ್ಬರೇ.

ಇಲ್ಲಿ ಎರಡು ದೋಷ ಹುಡುಕಬೇಕು. ಒಂದು ಕಾರಿನದು, ಇನ್ನೊಂದು ತಡದ್ದು. ನಾನು ನೋಡಿದ ಮಟ್ಟಿಗೆ ಹೆಚ್ಚಿನ ತಡ ಹುಟ್ಟುವುದು ಏನು ಹೋಗಿದೆ ಅಂತ ಯಾರೂ ಗಟ್ಟಿಯಾಗಿ ಹೇಳದೆ ಇರುವುದರಿಂದ. ಅಂದಾಜಿನ ಮೇಲೆ ಒಂದು ಪಾರ್ಟ್ ತರಿಸುತ್ತಾರೆ, ಹಾಕುತ್ತಾರೆ, ಸರಿಹೋಗುವುದಿಲ್ಲ. ಮತ್ತೊಂದು ತರಿಸುತ್ತಾರೆ. ಪ್ರತಿ ಸಲವೂ ವಾರಗಳು. ಹಾಗಾಗಿ ಮೊದಲು ಕಾರನ್ನು ನೋಡೋಣ, ಆಮೇಲೆ ತಡವನ್ನು.

ಘಾಟಿಯಲ್ಲಿ ನಿಂತರೆ

ಆಗುಂಬೆಯ 14 ತಿರುವುಗಳಲ್ಲಿ ಯಾವುದೋ ಒಂದರಲ್ಲಿ ಗೇರ್ ಕಚ್ಚಿಕೊಂಡರೆ, ಅಥವಾ ಹುಲಿಕಲ್ ಏರಿನಲ್ಲಿ ಎಂಜಿನ್ ಕೂಗಿದರೂ ಕಾರು ಮುಂದೆ ಹೋಗದಿದ್ದರೆ, "ಹೇಗಾದರೂ ಊರು ಸೇರೋಣ" ಅಂತ ಹೊರಡಬೇಡಿ. ಸುಟ್ಟ ವಾಸನೆ, ಕೆಳಗೆ ಎಣ್ಣೆ ಸೋರಿಕೆ, ಕಬ್ಬಿಣ ಉಜ್ಜಿದಂಥ ಸದ್ದು, ಈ ಮೂರರಲ್ಲಿ ಯಾವುದೊಂದು ಇದ್ದರೂ ಕಾರು ಅಲ್ಲೇ ನಿಲ್ಲಲಿ. ಒಂದು ಬೇರಿಂಗ್ ಹೋದ ಗೇರ್‌ಬಾಕ್ಸನ್ನು ಎಣ್ಣೆ ಇಲ್ಲದೆ ಓಡಿಸಿದರೆ ಶಾಫ್ಟು, ಗೇರು, ಕೇಸಿಂಗ್ ಎಲ್ಲ ಹೋಗುತ್ತದೆ. ಆಗ ಬಿಲ್ಲು ಬೇರೆಯೇ ಮಟ್ಟಕ್ಕೆ ಏರುತ್ತದೆ.

ಇದಕ್ಕೆ ಇನ್ನೊಂದು ಕಾರಣವೂ ಇದೆ. ತೋಟದ ದಾರಿಯಲ್ಲಿ ಕಲ್ಲು ಬಡಿದು ಗೇರ್‌ಬಾಕ್ಸ್ ಕೇಸಿಂಗ್ ಒಡೆದರೆ ಅದು ಅಪಘಾತದ ಹಾನಿ, ಕಾಂಪ್ರಹೆನ್ಸಿವ್ ವಿಮೆಯಲ್ಲಿ ಕ್ಲೇಮ್ ಮಾಡಬಹುದು. ಆದರೆ ಒಡೆದ ಮೇಲೂ ಓಡಿಸಿ, ಎಣ್ಣೆ ಖಾಲಿಯಾಗಿ ಒಳಗಿನ ಗೇರ್ ಸುಟ್ಟರೆ ಆ ಭಾಗಕ್ಕೆ ವಿಮೆ ಕಂಪನಿ ಕೈ ಎತ್ತುತ್ತದೆ. ತಾನಾಗಿ ಸವೆದು ಹೋದದ್ದಕ್ಕಂತೂ ಮಾಮೂಲಿ ವಿಮೆ ಬರುವುದೇ ಇಲ್ಲ. ಎಂಜಿನ್ ಮತ್ತು ಗೇರ್‌ಬಾಕ್ಸ್ ರಕ್ಷಣೆಯ ಆಡ್‌ಆನ್ ಇದ್ದರೆ ನೀರು ಹೊಕ್ಕ ಹಾನಿಗೆ ಉಪಯೋಗಕ್ಕೆ ಬರಬಹುದು. ಪಾಲಿಸಿ ತೆಗೆದು ಓದಿ. ಕಲ್ಲು ಬಡಿದ ಜಾಗದ ಫೋಟೊ, ನೆಲದ ಮೇಲೆ ಚೆಲ್ಲಿದ ಎಣ್ಣೆಯ ಫೋಟೊ ಅಲ್ಲೇ ತೆಗೆದಿಡಿ.

ಎಳೆಸುವಾಗ ಆಟೊಮ್ಯಾಟಿಕ್ ಕಾರಿಗೆ ಹಗ್ಗ ಕಟ್ಟಲು ಬಿಡಬೇಡಿ. ಎಂಜಿನ್ ಆಫ್ ಆಗಿರುವಾಗ ಒಳಗಿನ ಎಣ್ಣೆ ಪಂಪ್ ತಿರುಗುವುದಿಲ್ಲ, ಚಕ್ರ ತಿರುಗಿದಷ್ಟೂ ಒಳಗೆ ಒಣ ಉಜ್ಜಾಟ. ಪೂರ್ತಿ ಕಾರನ್ನು ಹೊತ್ತೊಯ್ಯುವ ಫ್ಲಾಟ್‌ಬೆಡ್ ಬೇಕು ಅಂತ ಫೋನಿನಲ್ಲೇ ಹೇಳಿ. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಮುಂದಿನ ಚಕ್ರ ಎತ್ತಿ ಎಳೆದರೂ ನಡೆಯುತ್ತದೆ. ಮಳೆಗಾಲದಲ್ಲಿ ಆಗುಂಬೆ ಘಾಟಿಯಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಹಾಕುವುದುಂಟು, ಟೋಯಿಂಗ್ ಗಾಡಿ ಯಾವ ಕಡೆಯಿಂದ ಬರಬಹುದು ಅಂತ ಮೊದಲೇ ಕೇಳಿಕೊಳ್ಳಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಈ ವಿಷಯದಲ್ಲಿ ಈಗ ಸ್ವಲ್ಪ ಸುಖ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆದ ಮೇಲೆ ಕೆಟ್ಟ ಕಾರನ್ನು ಲಾಂಚ್ ಹತ್ತಿಸುವ ಪಾಡು ತಪ್ಪಿದೆ.

ಗೇರ್‌ಬಾಕ್ಸ್ ಅಲ್ಲದ್ದನ್ನು ಮೊದಲು ಬದಿಗಿಡಿ

ಗೇರ್‌ಬಾಕ್ಸ್ ಮೇಲೆ ಬರುವ ದೂರುಗಳಲ್ಲಿ ಎಷ್ಟೋ ಅದರದ್ದಲ್ಲ. ಬಿಚ್ಚುವ ಮೊದಲು ಇವನ್ನು ನೋಡಿದರೆ ದುಡ್ಡೂ ಉಳಿಯುತ್ತದೆ, ದಿನಗಳೂ ಉಳಿಯುತ್ತವೆ.

ತಿರುವಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ "ಕಟ ಕಟ" ಅಂದರೆ ಅದು ಡ್ರೈವ್ ಶಾಫ್ಟಿನ ಹೊರಗಿನ ಜಾಯಿಂಟ್. ರಬ್ಬರ್ ಬೂಟ್ ಹರಿದು ಗ್ರೀಸ್ ಹೊರಗೆ ಚೆಲ್ಲಿರುತ್ತದೆ. ವೇಗ ಹೆಚ್ಚಾದಂತೆ ಗುಂಯ್ ಅನ್ನುವ ಸದ್ದು ಹೆಚ್ಚಾಗಿ, ಒಂದು ಪಕ್ಕಕ್ಕೆ ವಾಲಿದಾಗ ಬದಲಾದರೆ ಚಕ್ರದ ಬೇರಿಂಗ್ ನೋಡಿ. ಗೇರ್ ಹಾಕಿ ಕ್ಲಚ್ ಬಿಟ್ಟ ಕೂಡಲೇ "ದಡ್" ಅಂತ ಜಗ್ಗಿದರೆ ಎಂಜಿನ್ ಮೌಂಟ್ ಹರಿದಿರಬಹುದು. ಕ್ಲಚ್ ಪೂರ್ತಿ ಒತ್ತಲು ಆಗದೆ ಗೇರ್ ಕಿರುಗುಟ್ಟುತ್ತಿದ್ದರೆ ಕೆಳಗೆ ಬಗ್ಗಿ ನೋಡಿ. ಮಳೆಗಾಲಕ್ಕೆ ಅಂತ ಹಾಕಿದ ದಪ್ಪ ಮ್ಯಾಟ್ ಪೆಡಲ್ ಹಿಂದೆ ಸಿಕ್ಕಿಕೊಂಡಿರುವುದೂ ಉಂಟು.

ಇನ್ನು ಇಲಿ. ಅಡಿಕೆ ಅಟ್ಟದ ಕೆಳಗೆ, ಕೊಟ್ಟಿಗೆಯ ಪಕ್ಕ ಕಾರು ನಿಲ್ಲಿಸುವ ಮನೆಗಳಲ್ಲಿ ಇದು ತಮಾಷೆಯ ಮಾತಲ್ಲ. ಗೇರ್‌ಬಾಕ್ಸಿನ ಸ್ಪೀಡ್ ಸೆನ್ಸರ್‌ಗೆ ಹೋಗುವ ಒಂದು ವೈರ್ ಕಡಿದರೆ ಸಾಕು, ಆಟೊಮ್ಯಾಟಿಕ್ ಕಾರು ಒಂದೇ ಗೇರಿನಲ್ಲಿ ಕುಂಟುತ್ತದೆ. ಬಾನೆಟ್ ಎತ್ತಿ ಹಿಕ್ಕೆ, ಕಚ್ಚಿದ ಪ್ಲಾಸ್ಟಿಕ್ ಚೂರು, ಎಳೆದು ತಂದ ಹುಲ್ಲು ಇದೆಯಾ ನೋಡಿ. ತಿಂಗಳುಗಟ್ಟಲೆ ಥಂಡಿಯಲ್ಲಿ ನಿಂತ ಕಾರಿನ ಕನೆಕ್ಟರ್ ಬಿಚ್ಚಿದರೆ ಪಿನ್ ಮೇಲೆ ಹಸಿರು ಪುಡಿ ಕಾಣುತ್ತದೆ. ಅದನ್ನು ಕ್ಲೀನ್ ಮಾಡಿದರೆ ಕೆಲವೊಮ್ಮೆ ಅಲ್ಲಿಗೇ ಮುಗಿಯಿತು.

ಬ್ಯಾಟರಿಯನ್ನಂತೂ ಮರೆಯಬೇಡಿ. ಆಟೊಮ್ಯಾಟಿಕ್ ಗಾಡಿಗಳ ಕಂಪ್ಯೂಟರ್ ಕಡಿಮೆ ವೋಲ್ಟೇಜ್‌ಗೆ ಬೇಗ ಗಲಿಬಿಲಿಯಾಗುತ್ತದೆ. ಎಂಜಿನ್ ಆಫ್ ಇದ್ದಾಗ ಸುಮಾರು 12.6, ಓಡುತ್ತಿದ್ದಾಗ 13.5ರಿಂದ 14.5 ವೋಲ್ಟ್ ಬರಬೇಕು. ಮೀಟರ್ ಇರುವ ಯಾವ ಎಲೆಕ್ಟ್ರಿಷಿಯನ್ ಆದರೂ ಒಂದು ನಿಮಿಷದಲ್ಲಿ ನೋಡಿ ಹೇಳುತ್ತಾನೆ.

ಮ್ಯಾನ್ಯುವಲ್ ಗೇರ್: ಮನೆಯಂಗಳದ ಪರೀಕ್ಷೆ

ಮಲೆನಾಡಿನ ಕಾರುಗಳಲ್ಲಿ ಮೊದಲು ಸವೆಯುವುದು ಕ್ಲಚ್. ಏರಿನಲ್ಲಿ ಹ್ಯಾಂಡ್ ಬ್ರೇಕ್ ಹಾಕದೆ ಹಾಫ್ ಕ್ಲಚ್‌ನಲ್ಲೇ ಕಾರನ್ನು ಹಿಡಿದು ನಿಲ್ಲಿಸುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಅದಕ್ಕೆ ಬೆಲೆ ಕಟ್ಟುವುದು ಕ್ಲಚ್ ಪ್ಲೇಟ್.

ಕ್ಲಚ್ ಜಾರುತ್ತಿದೆಯಾ ಅಂತ ತಿಳಿಯಲು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ. ಮುಂದೆ ಹಿಂದೆ ಯಾರೂ ಇರಬಾರದು. ಹ್ಯಾಂಡ್ ಬ್ರೇಕ್ ಗಟ್ಟಿಯಾಗಿ ಎಳೆದು, ಎಂಜಿನ್ ಸ್ಟಾರ್ಟ್ ಇರುವಾಗ ನಾಲ್ಕನೇ ಗೇರ್ ಹಾಕಿ, ಬಲಗಾಲನ್ನು ಬ್ರೇಕ್ ಮೇಲಿಟ್ಟು ಕ್ಲಚ್ ಬಿಡಿ. ಎಂಜಿನ್ ತಕ್ಷಣ ಆಫ್ ಆದರೆ ಕ್ಲಚ್ ಹಿಡಿಯುತ್ತಿದೆ. ಆಫ್ ಆಗದೆ ಓಡುತ್ತಲೇ ಇದ್ದರೆ ಜಾರುತ್ತಿದೆ. ಒಂದು ಸಲ ಮಾಡಿದರೆ ಸಾಕು, ಪದೇ ಪದೇ ಮಾಡಿದರೆ ಇರುವ ಪ್ಲೇಟೂ ಸುಡುತ್ತದೆ.

ಗೇರ್ ಬೀಳುವುದೇ ಕಷ್ಟವಾದರೆ ಎಂಜಿನ್ ಆಫ್ ಮಾಡಿ ಒಂದೊಂದೇ ಗೇರ್ ಹಾಕಿ ನೋಡಿ. ಆಫ್ ಇದ್ದಾಗ ಬೆಣ್ಣೆಯಂತೆ ಬಿದ್ದು, ಸ್ಟಾರ್ಟ್ ಇದ್ದಾಗ ಬೀಳದಿದ್ದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಂತ ಅರ್ಥ. ಹೈಡ್ರಾಲಿಕ್ ಕ್ಲಚ್ ಆದರೆ ಮಾಸ್ಟರ್ ಸಿಲಿಂಡರ್, ಸ್ಲೇವ್ ಸಿಲಿಂಡರ್ ಸೋರುತ್ತಿರಬಹುದು. ಕೇಬಲ್ ಆದರೆ ಅಡ್ಜಸ್ಟ್‌ಮೆಂಟ್ ಹೋಗಿರಬಹುದು. ಇದಕ್ಕೆ ಗೇರ್‌ಬಾಕ್ಸ್ ಇಳಿಸುವುದು ಬೇಡ (ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗೇ ಇರುವ ಕೆಲವು ಮಾಡೆಲ್‌ಗಳನ್ನು ಬಿಟ್ಟು). ಎಂಜಿನ್ ಆಫ್ ಇದ್ದಾಗಲೂ ಬೀಳದಿದ್ದರೆ ಗೇರ್ ಲಿವರ್‌ನಿಂದ ಕೆಳಗೆ ಹೋಗುವ ಕೇಬಲ್, ಅದರ ತುದಿಯ ಪ್ಲಾಸ್ಟಿಕ್ ಬುಷ್ ನೋಡಿಸಿ. ಸಣ್ಣ ಬುಷ್ ಒಂದು ಪುಡಿಯಾದದ್ದಕ್ಕೆ ಪೂರ್ತಿ ಗೇರ್‌ಬಾಕ್ಸ್ ಎಸ್ಟಿಮೇಟ್ ಕೊಟ್ಟವರನ್ನು ನೋಡಿದ್ದೇನೆ.

ಸದ್ದಿಗೂ ಲೆಕ್ಕವಿದೆ. ನ್ಯೂಟ್ರಲ್‌ನಲ್ಲಿ ನಿಂತಾಗ ಸದ್ದು ಬಂದು, ಕ್ಲಚ್ ಒತ್ತಿದ ಕೂಡಲೇ ನಿಂತರೆ ಅದು ಗೇರ್‌ಬಾಕ್ಸ್ ಒಳಗಿನ ಇನ್‌ಪುಟ್ ಶಾಫ್ಟ್ ಬೇರಿಂಗ್. ಕ್ಲಚ್ ಒತ್ತಿದಾಗ ಮಾತ್ರ ಬಂದರೆ ರಿಲೀಸ್ ಬೇರಿಂಗ್. ಒಂದೇ ಒಂದು ಗೇರ್ ಹಾಕುವಾಗ ಕರ್ರ್ ಅಂದರೆ ಆ ಗೇರಿನ ಸಿಂಕ್ರೊ ರಿಂಗ್ (ಗೇರ್ ಕೂಡುವ ಮೊದಲು ವೇಗ ಹೊಂದಿಸುವ ಬಳೆ). ಘಾಟಿ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟ ಕೂಡಲೇ ಗೇರ್ ತಾನಾಗಿ ನ್ಯೂಟ್ರಲ್‌ಗೆ ಹಾರಿದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಂಜಿನ್ ಬ್ರೇಕಿಂಗ್ ಇಲ್ಲದೆ ಬರೀ ಬ್ರೇಕಿನ ಮೇಲೆ ಘಾಟಿ ಇಳಿಯುವುದು ಅಪಾಯ. ಗೇರನ್ನು ಸರಿಸುವ ಫೋರ್ಕು, ಸಿಂಕ್ರೊ, ಗೇರಿನ ಹಲ್ಲು ಇವುಗಳಲ್ಲಿ ಸವೆತ ಇರುತ್ತದೆ, ಕೆಲವೊಮ್ಮೆ ಮೌಂಟ್ ಸಡಿಲವಾಗಿಯೂ ಹೀಗಾಗುತ್ತದೆ. ಗೊತ್ತಾಗುವವರೆಗೆ ಆ ಕಾರನ್ನು ಘಾಟಿಗೆ ಇಳಿಸಬೇಡಿ.

ಎಣ್ಣೆಯನ್ನೂ ನೋಡಿಸಿ. ಡ್ರೈನ್ ಬೋಲ್ಟ್ ಬಿಚ್ಚಿದಾಗ ಬರುವ ಎಣ್ಣೆ ಹಾಲು ಬೆರೆತ ಚಹಾದ ಬಣ್ಣಕ್ಕಿದ್ದರೆ ಒಳಗೆ ನೀರು ಹೊಕ್ಕಿದೆ. ಗೇರ್‌ಬಾಕ್ಸಿಗೆ ಗಾಳಿಯಾಡುವ ಒಂದು ಸಣ್ಣ ಬ್ರೀದರ್ ಇರುತ್ತದೆ. ಬಿಸಿಯಾದ ಕಾರು ತುಂಬಿದ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ತಣ್ಣಗಾಗಿ ಕುಗ್ಗುತ್ತದೆ, ನೀರನ್ನು ಒಳಗೆಳೆದುಕೊಳ್ಳುತ್ತದೆ. ಬೇಗ ಗೊತ್ತಾದರೆ ಎಣ್ಣೆ ಬದಲಿಸಿ ಉಳಿಸಿಕೊಳ್ಳಬಹುದು. ಮ್ಯಾಗ್ನೆಟ್‌ಗೆ ಸಣ್ಣ ಕಬ್ಬಿಣದ ಪುಡಿ ಅಂಟಿರುವುದು ಮಾಮೂಲು. ಚೂರುಗಳಿದ್ದರೆ ಗೇರ್‌ಬಾಕ್ಸ್ ಬಿಚ್ಚಲೇಬೇಕು. ಹೊಸ ಎಣ್ಣೆ ಹಾಕಿಸುವಾಗ ಜಿಎಲ್-4 ಗ್ರೇಡಿನ ಎಣ್ಣೆ ಕೇಳುವ ಗೇರ್‌ಬಾಕ್ಸಿಗೆ "ಇದು ಇನ್ನೂ ಒಳ್ಳೇದು" ಅಂತ ಜಿಎಲ್-5 ಸುರಿಯಲು ಬಿಡಬೇಡಿ. ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಅದು ಒಳ್ಳೆಯದಲ್ಲ.

ಎಎಂಟಿ

ಎಎಂಟಿ ಅಂದರೆ ಆಟೊಮೇಟೆಡ್ ಮ್ಯಾನ್ಯುವಲ್ ಟ್ರಾನ್ಸ್‌ಮಿಷನ್, ಒಳಗಿರುವುದು ಮ್ಯಾನ್ಯುವಲ್ ಗೇರ್‌ಬಾಕ್ಸೇ. ಕಾಲಿನ ಬದಲು ಒಂದು ಆಕ್ಚುಯೇಟರ್ ಕ್ಲಚ್ ಒತ್ತುತ್ತದೆ, ಗೇರ್ ಬದಲಿಸುತ್ತದೆ. 2014ರಲ್ಲಿ ಮಾರುತಿ ಸೆಲೆರಿಯೊದಲ್ಲಿ ಬಂದ ಮೇಲೆ ನಮ್ಮ ಕಡೆಯೂ ಇವು ತುಂಬಿಕೊಂಡಿವೆ. ಆ ಕಾಲದ ಗಾಡಿಗಳ ವಾರಂಟಿ ಯಾವಾಗಲೋ ಮುಗಿದಿದೆ, ಹಾಗಾಗಿ ಈಗ ಗ್ಯಾರೇಜುಗಳಿಗೆ ಬರುವುದೂ ಇವೇ ಜಾಸ್ತಿ.

ನ್ಯೂಟ್ರಲ್‌ನಿಂದ ಹೊರಗೇ ಬರುತ್ತಿಲ್ಲ ಅಂದರೆ ಮೊದಲು ಬ್ರೇಕ್ ಲೈಟ್ ನೋಡಿ. ಕಾಲು ಬ್ರೇಕ್ ಮೇಲಿದೆ ಅಂತ ಕಂಪ್ಯೂಟರ್‌ಗೆ ಗೊತ್ತಾಗದಿದ್ದರೆ ಅದು ಗೇರ್ ಹಾಕುವುದಿಲ್ಲ. ನಮ್ಮ ಪಕ್ಕದೂರಿನ ಗೌಡರೊಬ್ಬರ ಕಾರಿಗೆ ಆಕ್ಚುಯೇಟರ್ ಹೋಗಿದೆ ಅಂತ ದೊಡ್ಡ ಎಸ್ಟಿಮೇಟ್ ಬಂದಿತ್ತು, ಪಾರ್ಟ್‌ಗೆ ಕಾಯುತ್ತಾ ಕಾರು ಅಲ್ಲೇ ನಿಂತಿತ್ತು. ಒಬ್ಬ ಹಳೆ ಮೆಕ್ಯಾನಿಕ್ ಹಿಂದೆ ನಿಂತು, "ಗೌಡ್ರೇ, ಒಂದ್ಸಲ ಬ್ರೇಕ್ ಒತ್ತಿ" ಅಂದ. ಲೈಟ್ ಉರಿಯಲಿಲ್ಲ. ಬ್ರೇಕ್ ಸ್ವಿಚ್ ಬದಲಿಸಿದ, ಕಾರು ಹೊರಟಿತು.

ಬ್ರೇಕ್ ಸ್ವಿಚ್, ಬ್ಯಾಟರಿ ಎರಡೂ ಸರಿ ಇದ್ದರೆ ಹೈಡ್ರಾಲಿಕ್ ಎಣ್ಣೆಯ ಮಟ್ಟ ನೋಡಿಸಿ. ಆಮೇಲೆ ಪಂಪ್ ಮೋಟಾರಿನ ಸದ್ದು ಕೇಳಿ. ಕೆಲವು ಮಾಡೆಲ್‌ಗಳಲ್ಲಿ ಡ್ರೈವರ್ ಬಾಗಿಲು ತೆರೆದ ಕೂಡಲೇ ಜುಯ್ ಅನ್ನುತ್ತದೆ. ಪದೇ ಪದೇ ಓಡುತ್ತಲೇ ಇದ್ದರೆ ಪ್ರೆಶರ್ ನಿಲ್ಲುತ್ತಿಲ್ಲ. ಕ್ಲಚ್ ಬದಲಿಸಿದ ಮೇಲೆ ಜರ್ಕ್ ಹೊಡೆದರೆ ಹೊಸ ಕ್ಲಚ್ಚನ್ನು ಕಂಪ್ಯೂಟರ್‌ಗೆ ಕಲಿಸುವ ಕೆಲಸ ಬಿಟ್ಟುಹೋಗಿರುತ್ತದೆ. ಕಾರಿನ ಕಂಪ್ಯೂಟರ್ ಓದುವ ಸ್ಕ್ಯಾನರ್ ಇಲ್ಲದ ಗ್ಯಾರೇಜಿನಲ್ಲಿ ಎಎಂಟಿ ಕ್ಲಚ್ ಹಾಕಿಸಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಟಾರ್ಕ್ ಕನ್ವರ್ಟರ್, ಸಿವಿಟಿ, ಡ್ಯುಯಲ್ ಕ್ಲಚ್

ಇವೂ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಬಗೆಗಳೇ: ಟಾರ್ಕ್ ಕನ್ವರ್ಟರ್ ಎಣ್ಣೆಯ ಮೂಲಕ ಶಕ್ತಿ ದಾಟಿಸುತ್ತದೆ, ಸಿವಿಟಿಯಲ್ಲಿ ಗೇರಿನ ಬದಲು ಬೆಲ್ಟ್, ಡ್ಯುಯಲ್ ಕ್ಲಚ್‌ನಲ್ಲಿ ಎರಡು ಕ್ಲಚ್. ಇವುಗಳಲ್ಲಿ ಮನೆಯಲ್ಲಿ ಮಾಡುವಂಥದ್ದು ಕಡಿಮೆ. ಗಮನಿಸಿ ಬರೆದಿಡುವುದೇ ದೊಡ್ಡ ಕೆಲಸ. ಪಿ ಇಂದ ಡಿಗೆ ಹಾಕಿದ ಮೇಲೆ ಗೇರ್ ಹಿಡಿಯಲು ಎರಡು ಮೂರು ಸೆಕೆಂಡ್ ಹಿಡಿಯುತ್ತಿದೆಯಾ? ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಎಣ್ಣೆ ಕೆಂಪು ಬಿಟ್ಟು ಕಂದು ಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದೆಯಾ? "ಈ ಎಣ್ಣೆ ಜೀವಮಾನಕ್ಕೆ ಸಾಕು" ಅನ್ನುವ ಮಾತನ್ನು ಘಾಟಿ ಓಡಿಸುವವರು ನಂಬಬಾರದು ಅನ್ನುವುದು ನನ್ನ ಅಭಿಪ್ರಾಯ. ಸಿವಿಟಿಗಂತೂ ಅದಕ್ಕೇ ಹೇಳಿದ ಎಣ್ಣೆ ಬಿಟ್ಟು ಬೇರೆ ಹಾಕಿದರೆ ಬೆಲ್ಟ್ ಜಾರುತ್ತದೆ. ಹಳೆ ಬಿಲ್ಲಿನಲ್ಲಿ ಯಾವ ಎಣ್ಣೆ ಬರೆದಿದ್ದಾರೆ ನೋಡಿ. ಒಣ ಡ್ಯುಯಲ್ ಕ್ಲಚ್ ಗಾಳಿಯಿಂದಲೇ ತಣ್ಣಗಾಗಬೇಕು. ಏರಿನಲ್ಲಿ ಲಾರಿ ಸಾಲಿನ ಹಿಂದೆ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸಿದರೆ ಬಿಸಿ ಏರಿ ಎಚ್ಚರಿಕೆ ಬರುತ್ತದೆ. ತಣ್ಣಗಾದ ಮೇಲೆ ಸರಿಹೋದರೆ ಅದು ಬಿಸಿಯ ಮಾತು. ತಣ್ಣಗಿದ್ದಾಗಲೂ ಒಂದು, ಎರಡನೇ ಗೇರಿನಲ್ಲಿ ನಡುಗಿದರೆ ಕ್ಲಚ್ ಪ್ಯಾಕ್ ಕಡೆ ನೋಡಬೇಕು.

ಇಲ್ಲೆಲ್ಲ ಸ್ಕ್ಯಾನ್ ರಿಪೋರ್ಟ್ ಇಲ್ಲದೆ ಒಂದು ಹೆಜ್ಜೆಯೂ ಇಡಬೇಡಿ. ಅದರಲ್ಲಿ ಪಿ0700 ಅನ್ನುವ ದೋಷದ ಕೋಡ್ ಬಂದರೆ ಏನೂ ತಿಳಿದಂತಾಗಲಿಲ್ಲ. "ಗೇರ್‌ಬಾಕ್ಸ್ ಕಂಪ್ಯೂಟರ್‌ನಲ್ಲಿ ಇನ್ನೊಂದು ಕೋಡ್ ಇದೆ, ಅದನ್ನು ಓದಿ" ಅನ್ನುವುದಷ್ಟೇ ಅದರ ಅರ್ಥ. ಅಗ್ಗದ ಬ್ಲೂಟೂತ್ ಸ್ಕ್ಯಾನರ್‌ಗಳು ಎಷ್ಟೋ ಸಲ ಇಲ್ಲೇ ನಿಲ್ಲುತ್ತವೆ. ಒಳಗಿನ ಕೋಡ್ ಓದಿಸಿ. ಪಿ0715, ಪಿ0720 ಬಂದರೆ ಸ್ಪೀಡ್ ಸೆನ್ಸರ್ ಅಥವಾ ಅದರ ವೈರಿಂಗ್. ಮೊದಲು ಇಲಿಯನ್ನು ಅನುಮಾನಿಸಿ. ಪಿ0730 ಅಂದರೆ ಗೇರ್ ಅನುಪಾತ ತಾಳೆಯಾಗುತ್ತಿಲ್ಲ, ಒಳಗೆ ಜಾರುತ್ತಿರಬಹುದು ಅಥವಾ ಎಣ್ಣೆ ಕಮ್ಮಿ. ಪಿ0741 ಟಾರ್ಕ್ ಕನ್ವರ್ಟರ್ ಲಾಕಪ್ ಕಡೆಗೆ ಬೊಟ್ಟು ಮಾಡುತ್ತದೆ. ಪಿ0218 ಅತಿ ಬಿಸಿ. ಪಿ0562 ಕಡಿಮೆ ವೋಲ್ಟೇಜ್. ಯು0101 ಬಂದರೆ ಗೇರ್‌ಬಾಕ್ಸ್ ಕಂಪ್ಯೂಟರ್ ಜೊತೆ ಮಾತೇ ನಿಂತಿದೆ. ಫ್ಯೂಸ್, ಅರ್ತ್, ಕನೆಕ್ಟರ್ ನೋಡದೆ ಕಂಪ್ಯೂಟರ್ ಬದಲಿಸಲು ಒಪ್ಪಬೇಡಿ. ಕೋಡ್ ಅಳಿಸುವ ಮೊದಲು ಪ್ರಿಂಟ್ ಅಥವಾ ಫೋಟೊ ತೆಗೆದುಕೊಳ್ಳಿ. ಅಳಿಸಿದ ಮೇಲೆ ಸಾಕ್ಷಿ ಹೋಯಿತು.

ವಾರಂಟಿ ನಿಜವಾಗಿ ಮುಗಿದಿದೆಯಾ?

ದಿನಾಂಕ ನೋಡಿ ಕೈಚೆಲ್ಲಬೇಡಿ. ಹಳೆ ಜಾಬ್ ಕಾರ್ಡ್‌ಗಳನ್ನು (ಕಾರು ಬಿಡುವಾಗ ದೂರು ಬರೆದು ಕೊಡುವ ಚೀಟಿ) ಹುಡುಕಿ. ಇದೇ ದೋಷವನ್ನು ವಾರಂಟಿ ಇದ್ದಾಗಲೇ ಬರೆಸಿದ್ದರೆ, ಅವರು "ಇದು ನಾರ್ಮಲ್" ಅಂತ ಕಳಿಸಿದ್ದರೆ, ಆ ಒಂದು ಕಾಗದ ಬಹಳ ಬೆಲೆ ಬಾಳುತ್ತದೆ. ದೂರು ವಾರಂಟಿ ಒಳಗಿನದ್ದು, ಪರಿಹಾರ ಮಾತ್ರ ಹೊರಗೆ ಬಂತು ಅಂತ ನೀವು ವಾದಿಸಬಹುದು. ಕಾರು ಕೊಳ್ಳುವಾಗ ಎಕ್ಸ್‌ಟೆಂಡೆಡ್ ವಾರಂಟಿ ಸೇರಿಸಿದ್ದು ಮರೆತವರೂ ಇದ್ದಾರೆ, ಇನ್‌ವಾಯ್ಸ್ ತೆಗೆದು ನೋಡಿ. ಕಂಪನಿಯ ವೆಬ್‌ಸೈಟಿನಲ್ಲಿ ಚಾಸಿಸ್ ನಂಬರ್ ಹಾಕಿ ರೀಕಾಲ್ ಇದೆಯಾ ಪರೀಕ್ಷಿಸಿ. ರೀಕಾಲ್ ಕೆಲಸಕ್ಕೆ ವಾರಂಟಿ ಮುಗಿದರೂ ನೀವು ದುಡ್ಡು ಕೊಡಬೇಕಿಲ್ಲ.

ಮುಗಿದು ಸ್ವಲ್ಪ ದಿನವೇ ಆಗಿದ್ದರೆ ಗುಡ್‌ವಿಲ್ ಕೇಳಿ. ಎಲ್ಲ ಸರ್ವಿಸ್ ಕಂಪನಿಯ ಸೆಂಟರಿನಲ್ಲೇ ಮಾಡಿಸಿದ್ದರೆ ಪಾರ್ಟಿನ ಬೆಲೆಯಲ್ಲಿ ಒಂದು ಪಾಲು ಕಂಪನಿ ಹೊರುವುದುಂಟು. ಇದು ನಿಮ್ಮ ಹಕ್ಕಲ್ಲ, ಆದರೆ ಕೇಳದವರಿಗೆ ಯಾರೂ ಕೊಡುವುದಿಲ್ಲ. ಸರ್ವಿಸ್ ಅಡ್ವೈಸರ್ ಹತ್ತಿರ ಕೇಳಿ ಉಪಯೋಗವಿಲ್ಲ. ಕಂಪನಿಯ ಕಸ್ಟಮರ್ ಕೇರ್‌ಗೆ ಈಮೇಲ್ ಹಾಕಿ, ಏರಿಯಾ ಸರ್ವಿಸ್ ಮ್ಯಾನೇಜರ್ ಗಮನಕ್ಕೆ ತನ್ನಿ ಅಂತ ಬರೆಯಿರಿ. ರಿಪೇರಿಗೆ ಒಪ್ಪಿಗೆ ಕೊಡುವ ಮೊದಲೇ ಕೇಳಬೇಕು, ಬಿಲ್ ಕಟ್ಟಿದ ಮೇಲೆ ಕೇಳಿದರೆ ಕತೆ ಮುಗಿದಂತೆ.

ಈಗ ತಡದ ದೋಷ

"ತಡವಾಗುತ್ತಿದೆ" ಅನ್ನುವುದು "ಗೇರ್ ಬೀಳ್ತಿಲ್ಲ" ಅಂದಷ್ಟೇ ಮಸುಕಾದ ದೂರು. ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಬೇಕು.

ಮೊದಲ ಪ್ರಶ್ನೆ: ಕಾರನ್ನು ಲಿಫ್ಟ್ ಮೇಲೆ ಹತ್ತಿಸಿದ್ದಾರಾ? ವಾರಗಟ್ಟಲೆ "ಚೆಕ್ ಮಾಡ್ತಿದೀವಿ" ಅನ್ನುವ ಕಾರು ಎಷ್ಟೋ ಸಲ ಬಿಟ್ಟ ಜಾಗದಿಂದ ಕದಲಿರುವುದೇ ಇಲ್ಲ. ಹೋಗಿ ನೋಡಿ. ಟೈರಿನ ಕೆಳಗಿನ ನೆಲ ಒಣಗಿದ್ದು, ಸುತ್ತ ಮಳೆ ನೀರಿನ ಕೆಸರಿದ್ದರೆ ಉತ್ತರ ಸಿಕ್ಕಿತು. ಅಂಥ ಕಡೆ ಇಂದಿನ ದಿನಾಂಕ ಹಾಕಿ ಡಯಾಗ್ನೋಸಿಸ್ ರಿಪೋರ್ಟ್ ಬರಹದಲ್ಲಿ ಕೇಳಿ.

ರಿಪೋರ್ಟ್ ಆಗಿದ್ದರೆ ಪಾರ್ಟ್ ನಂಬರ್ ಕೇಳಿ. ಹೆಸರು ಸಾಲದು, ನಂಬರ್ ಬೇಕು. ನಂಬರ್ ಕೊಡಲು ತಡಬಡಾಯಿಸಿದರೆ ಆರ್ಡರ್ ಹೋಗಿಲ್ಲ ಅಂತಲೇ ತಿಳಿಯಿರಿ. ಕೊಟ್ಟರೆ ನಿಮಗೆ ಕೀಲಿ ಸಿಕ್ಕಂತೆ. ದಾವಣಗೆರೆ, ಮಂಗಳೂರು, ಹುಬ್ಬಳ್ಳಿ, ಬೆಂಗಳೂರಿನ ಡೀಲರ್‌ಗಳ ಸ್ಪೇರ್ಸ್ ಕೌಂಟರ್‌ಗೆ ನೀವೇ ಫೋನ್ ಮಾಡಿ ಸ್ಟಾಕ್ ಕೇಳಬಹುದು. ಅಲ್ಲಿದ್ದರೆ ರಾತ್ರಿ ಬಸ್ಸಿನ ಪಾರ್ಸಲ್‌ನಲ್ಲಿ ಬೆಳಿಗ್ಗೆ ಶಿವಮೊಗ್ಗದಲ್ಲಿ ಇರುತ್ತದೆ.

ಆರ್ಡರ್ ಹೋಗಿದ್ದರೆ ಯಾವ ಬಗೆಯ ಆರ್ಡರ್ ಅಂತ ಕೇಳಿ. ಡೀಲರ್‌ಗಳು ಸ್ಟಾಕಿಗೆ ಅಂತ ಹಾಕುವ ಮಾಮೂಲಿ ಆರ್ಡರ್ ನಿಧಾನ. ಓಡಲಾಗದೆ ನಿಂತ ಗಾಡಿಗೆ ಅಂತ ವಿಒಆರ್ (ವೆಹಿಕಲ್ ಆಫ್ ರೋಡ್) ಆರ್ಡರ್ ಇರುತ್ತದೆ, ಅದು ಬೇಗ ಬರುತ್ತದೆ. ಸ್ವಲ್ಪ ಹೆಚ್ಚು ಖರ್ಚು ಬೀಳಬಹುದು. "ವಿಒಆರ್ ಹಾಕಿದ್ದೀರಾ?" ಅಂತ ಕೇಳಿದ ಕೂಡಲೇ ಎದುರಿನವರ ದನಿ ಬದಲಾಗುವುದನ್ನು ನೋಡಬೇಕು! ಅಡ್ವಾನ್ಸ್ ಕಟ್ಟದೆ ಆರ್ಡರ್ ಹಾಕದ ಕಡೆಯೂ ಇವೆ, ನಿಮಗೆ ಯಾರೂ ಹೇಳಿರುವುದಿಲ್ಲ. ಕಟ್ಟಿದರೆ ರಸೀದಿ, ಆರ್ಡರ್ ನಂಬರ್, ಬರುವ ಅಂದಾಜು ದಿನ ಮೂರನ್ನೂ ಬರೆಸಿಕೊಳ್ಳಿ.

ಪಾರ್ಟ್ ಬಂದಿದೆ, ಆದರೂ ಕೆಲಸ ಆಗಿಲ್ಲ ಅಂದರೆ ಸಾಮಾನ್ಯವಾಗಿ ಆಯಿಲ್ ಸೀಲ್, ಗ್ಯಾಸ್ಕೆಟ್, ಒಂದೇ ಸಲ ಬಳಸುವ ಬೋಲ್ಟ್ ಇಂಥ ಸಣ್ಣದೇನೋ ತರಿಸಲು ಬಿಟ್ಟಿರುತ್ತಾರೆ. ಇಲ್ಲವೇ ಆ ಕೆಲಸ ಗೊತ್ತಿರುವ ಟೆಕ್ನಿಷಿಯನ್ ಬೆಂಗಳೂರಿನಿಂದ ಬರಬೇಕು. ಅವನು ಬರುವ ದಿನ ಗೊತ್ತಾಗದಿದ್ದರೆ ಕಾರನ್ನೇ ಅಲ್ಲಿಗೆ ಕಳಿಸುವುದು ಮೇಲು.

ಇಲ್ಲಿ ಕಂಪನಿಯೇ ಬಾಗಿಲು ಹಾಕಿದ ಕಾರುಗಳ ಮಾತು ಬೇರೆ. ಷೆವರ್ಲೆ 2017ರ ಕೊನೆಗೆ ಭಾರತದಲ್ಲಿ ಮಾರಾಟ ನಿಲ್ಲಿಸಿತು. ಫೋರ್ಡ್ 2021ರಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಇಂಥ ಗಾಡಿ ಇದ್ದವರು ಹೊಸ ಪಾರ್ಟಿಗೆ ಕಾಯುವ ಜೊತೆಗೇ ರೀಬಿಲ್ಡ್ ಮಾಡುವವರನ್ನೂ ಹುಡುಕಿಡುವುದು ಒಳ್ಳೆಯದು.

ಕಾರು ನಿಂತಿರುವಾಗ ಹಾಳಾಗದಂತೆ ನೋಡುವುದೂ ನಿಮ್ಮ ಕೆಲಸವೇ. ಬ್ಯಾಟರಿ ಕನೆಕ್ಷನ್ ಬಿಚ್ಚಿಸಿ. ಬಿಚ್ಚಿದ ಗೇರ್‌ಬಾಕ್ಸನ್ನು ಮಳೆಗಾಲದಲ್ಲಿ ತೆರೆದಿಟ್ಟರೆ ಶಾಫ್ಟ್ ಮೇಲೆ ತುಕ್ಕು ಕೂರುತ್ತದೆ, ಎಣ್ಣೆ ಹಚ್ಚಿ ಪ್ಲಾಸ್ಟಿಕ್ ಮುಚ್ಚಿಡಲು ಹೇಳಿ. ಮೀಟರ್ ರೀಡಿಂಗ್, ಸೀಟು, ಸ್ಟೆಪ್ನಿ, ಟೂಲ್ ಎಲ್ಲದರ ಫೋಟೊ ಇರಲಿ. ವಿಮೆ ದಿನಾಂಕವನ್ನೂ ನೋಡಿಕೊಳ್ಳಿ. ಓಡದ ಕಾರಿಗೆ ಯಾಕೆ ಅಂತ ಬಿಟ್ಟು, ಪಾಲಿಸಿ ಮುಗಿದು 90 ದಿನ ದಾಟಿದರೆ ವರ್ಷಗಟ್ಟಲೆ ಕೂಡಿದ ನೋ ಕ್ಲೇಮ್ ಬೋನಸ್ ಹೋಗುತ್ತದೆ.

ಹೊರಗಿನ ಗ್ಯಾರೇಜಿಗೆ ಒಯ್ಯಬೇಕಾ?

ಮ್ಯಾನ್ಯುವಲ್ ಗೇರ್‌ಬಾಕ್ಸ್ ಆದರೆ ನಾನು ಹೌದು ಅನ್ನುತ್ತೇನೆ. ಸರ್ವಿಸ್ ಸೆಂಟರ್‌ಗಳಿಗೆ ಒಳಗೆ ಬಿಚ್ಚುವುದಕ್ಕಿಂತ ಪೂರ್ತಿ ಅಸೆಂಬ್ಲಿ ಬದಲಿಸುವುದು ಸುಲಭ, ಆ ಅಸೆಂಬ್ಲಿಗೇ ತಿಂಗಳು ಕಾಯಬೇಕು. ಶಿವಮೊಗ್ಗದಲ್ಲಿ ಗೇರ್‌ಬಾಕ್ಸ್ ಕೆಲಸವೇ ಬದುಕಾಗಿರುವ ಮೇಸ್ತ್ರಿಗಳಿದ್ದಾರೆ. ಬೇರಿಂಗ್ ಮೇಲೆ ಕೆತ್ತಿದ ನಂಬರ್ ನೋಡಿ ಎಷ್ಟೋ ಬೇರಿಂಗ್‌ಗಳನ್ನು ಬೇರಿಂಗ್ ಅಂಗಡಿಯಿಂದಲೇ ತರುತ್ತಾರೆ. ಅವರ ಹತ್ತಿರವೂ ಹಳೆ ಪಾರ್ಟ್ ಕೈಗೆ ಕೊಡಬೇಕು, ಬಿಲ್ ಬೇಕು ಅಂತ ಮೊದಲೇ ಹೇಳಿ. ವಾಲ್ವ್ ಬಾಡಿ, ಮೆಕಾಟ್ರಾನಿಕ್, ಸಿವಿಟಿ ಬೆಲ್ಟ್ ಇಂಥ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಭಾಗಗಳಿಗೆ ಮಾತ್ರ ಆ ಮಾಡೆಲ್ ಮೊದಲೇ ಮಾಡಿದವರನ್ನು ಹುಡುಕಬೇಕು. ಸುಮ್ನೆ ಧೈರ್ಯ ಇದೆ ಅಂತ ಬಿಚ್ಚುವವರ ಕೈಗೆ ಕೊಡಬೇಡಿ.

ಸೆಂಟರಿನಿಂದ ಕಾರು ಎತ್ತುವ ಮೊದಲು ಬಿಚ್ಚಿದ ಪಾರ್ಟ್‌ಗಳ ಪಟ್ಟಿಗೆ ಸಹಿ ಹಾಕಿಸಿಕೊಳ್ಳಿ. ಒಂದು ಬೋಲ್ಟ್ ಕಡಿಮೆ ಬಂದರೂ ಆಮೇಲೆ ಇಬ್ಬರೂ ಒಬ್ಬರ ಮೇಲೊಬ್ಬರು ಹಾಕುತ್ತಾರೆ.

ಬಾಯಿ ಮಾತಿಗೆ ಬಗ್ಗದಿದ್ದರೆ

ಜಗಳ ಬೇಡ, ಕಾಗದ ಸಾಕು. ಹೀಗೊಂದು ಈಮೇಲ್ ವರ್ಕ್ಸ್ ಮ್ಯಾನೇಜರ್‌ಗೆ, ಅದರ ಒಂದು ಕಾಪಿ ಕಾರಿನ ಕಂಪನಿಗೆ ಕಳಿಸಿ:

"ಈ ನಂಬರಿನ ಕಾರನ್ನು ಈ ದಿನಾಂಕದಂದು, ಈ ಜಾಬ್ ಕಾರ್ಡ್ ನಂಬರ್ ಮೇಲೆ ನಿಮ್ಮಲ್ಲಿ ಬಿಟ್ಟಿದ್ದೇನೆ. ಕೊಡುವುದಾಗಿ ಹೇಳಿದ ದಿನ ದಾಟಿದೆ. ದೋಷ ಏನು, ಯಾವ ಪಾರ್ಟ್ ನಂಬರ್ ಯಾವ ದಿನ ಆರ್ಡರ್ ಆಗಿದೆ, ಯಾವ ದಿನ ಕಾರು ಸಿಗುತ್ತದೆ ಎಂದು 7 ದಿನದೊಳಗೆ ಬರಹದಲ್ಲಿ ತಿಳಿಸಿ. ತಿಳಿಸದಿದ್ದರೆ ಬಾಡಿಗೆ ಕಾರಿನ ಖರ್ಚು ಸೇರಿಸಿ ಗ್ರಾಹಕ ಆಯೋಗಕ್ಕೆ ಹೋಗಬೇಕಾಗುತ್ತದೆ."

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲೂ ಮಾತಾಡಬಹುದು. ಅವರು ದೂರನ್ನು ಕಂಪನಿಗೆ ದಾಟಿಸುತ್ತಾರೆ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ, ಆದರೆ ಕಂಪನಿಯ ಮೇಲಿನ ಹಂತದಲ್ಲಿ ಒಬ್ಬರಾದರೂ ಫೈಲ್ ತೆಗೆದು ನೋಡುತ್ತಾರೆ.

ಅಲ್ಲೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ನೀವು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಕಂಪನಿ ಗುರುಗ್ರಾಮದಲ್ಲಿದ್ದರೂ ಚೆನ್ನೈಯಲ್ಲಿದ್ದರೂ ಶಿವಮೊಗ್ಗಕ್ಕೆ ಬರಬೇಕು. ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಹಾಕಬೇಕು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಕಾನೂನಿನಲ್ಲಿ 3 ತಿಂಗಳು, ಪರೀಕ್ಷೆ ಬೇಕಾದರೆ 5 ತಿಂಗಳು ಅಂತ ಗಡುವಿದೆ. ನಡೆಯುವುದು ಅದಕ್ಕಿಂತ ನಿಧಾನ ಅಂತ ತಿಳಿದೇ ಹೋಗಿ. ವಾರಂಟಿ ಮುಗಿದಿದೆ ಅಂತ ಸೇವೆಯ ಕೊರತೆಯ ದೂರು ಬಿದ್ದುಹೋಗುವುದಿಲ್ಲ. ದುಡ್ಡು ಕೊಟ್ಟು ರಿಪೇರಿಗೆ ಬಿಟ್ಟವರೂ ಗ್ರಾಹಕರೇ, ಅಲ್ವಾ?

ಕಾರು ವಾಪಸ್ ತರುವ ದಿನ

ಬಿಲ್ ಕಟ್ಟುವ ಮೊದಲು ಓಡಿಸಿ ನೋಡಿ. ಪೇಟೆಯೊಳಗೆ ಒಂದು ಸುತ್ತು ಸಾಲದು, ಬಿಸಿಯಾದ ಮೇಲೆ ಕಾಣುವ ದೋಷ ಅಷ್ಟರಲ್ಲಿ ಹೊರಬರುವುದಿಲ್ಲ. ಅಡ್ವೈಸರನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಾಜನೂರು ದಾಟಿ ಮಂಡಗದ್ದೆ ಕಡೆ ಹೋಗಿಬನ್ನಿ. ಏರಿನಲ್ಲಿ ನಿಲ್ಲಿಸಿ ಹೊರಡಿಸಿ, ಇಳಿಜಾರಿನಲ್ಲಿ ಗೇರಿನಲ್ಲೇ ಇಳಿಯಿರಿ, ರಿವರ್ಸ್ ಹಾಕಿ. ಬಂದ ಮೇಲೆ ಮತ್ತೆ ಸ್ಕ್ಯಾನ್ ಮಾಡಿಸಿ ಕೋಡ್ ಇಲ್ಲ ಅಂತ ಪ್ರಿಂಟ್ ತೆಗೆದುಕೊಳ್ಳಿ.

ಬಿಲ್ಲಿನಲ್ಲಿ ಎಣ್ಣೆಯ ಗ್ರೇಡ್, ಪಾರ್ಟ್ ನಂಬರ್, ಹೊಸ ಪಾರ್ಟಿನ ವಾರಂಟಿ ಎಷ್ಟು ತಿಂಗಳು, ಎಷ್ಟು ಕಿಲೋಮೀಟರ್ ಎಂದು ಬರೆಸಿ. ಆ ವಾರಂಟಿ ಮುಗಿಯುವ ಎರಡು ವಾರ ಮೊದಲು ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಆ ಹೊತ್ತಿಗೆ ಸಣ್ಣ ಸದ್ದಿದ್ದರೂ ಸರಿ, ಹೋಗಿ ಜಾಬ್ ಕಾರ್ಡ್ ಮಾಡಿಸಿ, ದಿನಾಂಕ ಮತ್ತು ಕಿಲೋಮೀಟರ್ ಹಾಕಿಸಿ, ಒಂದು ಪ್ರತಿ ಮನೆಗೆ ತನ್ನಿ.